ಕನ್ನಡಕ ಕೇಳಿದೆ, ಕೊಡಲಿಲ್ಲ. ಆದರೂ ನಾಲ್ಕು ಸ್ಟಾರ್

ನಾನು ಮೈಸೂರಿನಲ್ಲಿ ಆಟೋ ಓಡಿಸುತ್ತೇನೆ. ನಂಜುಮಳಿಗೆ ಸ್ಟ್ಯಾಂಡ್. ವಯಸ್ಸು 52, ಶುಗರ್ ಬಂದು ಎಂಟು ವರ್ಷ. ಈ ಕಣ್ಣಾಸ್ಪತ್ರೆಗೆ ಬಂದಿದ್ದು ಶುಗರ್ ವಿಷಯಕ್ಕಲ್ಲ, ಕನ್ನಡಕಕ್ಕೆ.

ಆರು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ 1,800 ರೂಪಾಯಿ ಕೊಟ್ಟು ಕನ್ನಡಕ ಮಾಡಿಸಿದ್ದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಮೀಟರಿನ ಅಂಕಿ ಒಂದು ದಿನ ನಿಚ್ಚಳ, ಇನ್ನೊಂದು ದಿನ ಮಸುಕು. ಅಂಗಡಿಯವನು ಯಾಮಾರಿಸಿದ ಅಂದುಕೊಂಡೆ. ಈ ಸಲ ಆಸ್ಪತ್ರೆಯಲ್ಲೇ ನಂಬರ್ ಬರೆಸಿಕೊಳ್ಳೋಣ ಅಂತ ಬಂದೆ.

ಟೆಸ್ಟ್ ಮಾಡುವ ಹುಡುಗಿಗೆ ನನ್ನ ಮಗಳ ವಯಸ್ಸು. "ಅಂಕಲ್, ಶುಗರ್ ಇದ್ಯಾ?" ಅಂದಳು. ಇದೆ ಅಂದೆ. "ಈಗೆಷ್ಟಿದೆ?" ನೋಡಿಸಿ ಎಷ್ಟು ತಿಂಗಳಾಗಿತ್ತೋ. ಅಲ್ಲೇ ಬೆರಳು ಚುಚ್ಚಿದರು. 312.

"ಇವತ್ತು ನಂಬರ್ ಬರೆದರೆ ಸುಮ್ನೆ ದುಡ್ಡು ದಂಡ ಅಂಕಲ್. ಶುಗರ್ ಏರಿದಾಗ ಕಣ್ಣೊಳಗಿನ ಲೆನ್ಸ್ ಉಬ್ಬುತ್ತೆ, ನಂಬರ್ ಬದಲಾಗುತ್ತೆ. ಇಳಿದ ಮೇಲೆ ಅದೇ ಕನ್ನಡಕ ಆಗಲ್ಲ. ಮೊದಲು ಶುಗರ್ ಒಂದು ಹದಕ್ಕೆ ಬರಲಿ."

ಕೆಳಗಡೆ ಇವರದ್ದೇ ಕನ್ನಡಕದ ಅಂಗಡಿ ಇದೆ. ಅವತ್ತೇ ಒಂದು ಫ್ರೇಮ್ ಮಾರಬಹುದಿತ್ತು. ಮಾರಲಿಲ್ಲ. ಮೊದಲ ಎರಡು ಸ್ಟಾರ್ ಇದಕ್ಕೇ.

ಆಮೇಲೆ ಕೇಳಿದಳು, ಕಣ್ಣೊಳಗೆ ಹಿಂಬದಿಯಲ್ಲಿರುವ ಪರದೆ, ಅಂದರೆ ರೆಟಿನಾ, ಯಾವಾಗ ತೋರಿಸಿದ್ರಿ ಅಂತ. ಲೈಸೆನ್ಸ್ ರಿನ್ಯೂಗೆ ಹೋದಾಗ ಗೋಡೆಯ ಅಕ್ಷರ ಕೊನೇ ಸಾಲಿನವರೆಗೂ ಓದಿದ್ದೀನಮ್ಮ ಅಂದೆ. ನಕ್ಕಳು. ಅಕ್ಷರ ಓದುವುದು ಬೇರೆ, ಪರದೆ ನೋಡುವುದು ಬೇರೆಯಂತೆ. ನಮ್ಮ ಶುಗರ್ ಡಾಕ್ಟರ್ ವರ್ಷ ವರ್ಷ ಚೀಟಿಯಲ್ಲಿ "ಕಣ್ಣು ಪರೀಕ್ಷೆ" ಅಂತ ಬರೆಯುತ್ತಿದ್ದರು. ಚೆನ್ನಾಗಿ ಕಾಣುವ ಕಣ್ಣಿಗೆ ಏನು ಪರೀಕ್ಷೆ ಅಂತ ನಾನೇ ಬಿಟ್ಟಿದ್ದೆ.

ಈಗ ನನ್ನ ದೂರು. ಪಾಪೆ ಅಗಲವಾಗಲಿ ಅಂತ ಸಿಸ್ಟರ್ ಎರಡೂ ಕಣ್ಣಿಗೆ ಡ್ರಾಪ್ಸ್ ಹಾಕಿದರು. ಹಾಕಿ ಆದ ಮೇಲೆ, "ಇವತ್ತು ಸಂಜೆವರೆಗೂ ಗಾಡಿ ಓಡಿಸಬೇಡಿ" ಅಂದರು. ನನ್ನ ಮೈಮೇಲೆ ಖಾಕಿ ಶರ್ಟ್ ಇದೆ, ಆಟೋ ಹೊರಗೆ ನಿಂತಿದೆ! ಮೊದಲೇ ಹೇಳಬಾರದಿತ್ತಾ ಅಂದೆ. ಗೋಡೆ ಮೇಲೆ ಬರೆದಿದೆಯಲ್ಲ ಅಂದರು. ಬರೆದಿದೆ, ಇಂಗ್ಲಿಷಿನಲ್ಲಿ. ಅಷ್ಟು ಹೊತ್ತಿಗೆ ಅದೂ ಮಂಜಾಗುತ್ತಾ ಬಂದಿತ್ತು. ಒಂದು ದಿನದ ದುಡಿಮೆ ಹೋಯಿತು. ನಾಳೆ ಬರ್ತೀನಿ ಅನ್ನುವ ಅವಕಾಶ ಕೊಡಬೇಕಿತ್ತು ಅಲ್ವಾ?

ಮೂರು ಸಲ ಹಾಕಿದರು. ಶುಗರಿನವರ ಪಾಪೆ ಎಷ್ಟೋ ಸಲ ಬೇಗ ಅಗಲ ಆಗಲ್ಲವಂತೆ. ಕಾಯುವುದು ಜಾಸ್ತಿ, ಕುರ್ಚಿ ಕಡಿಮೆ. ಕ್ಯಾಂಟೀನ್ ಕಾಫಿ ಬಗ್ಗೆ ಮಾತು ಬೇಡ.

ಆಮೇಲೆ ಒಂದು ಮೆಷಿನ್ನಿಗೆ ಗದ್ದ ಇಟ್ಟು ಕೂರಿಸಿ ಫೋಟೊ ತೆಗೆದರು. ಪಳಕ್ ಅಂತ ಮಿಂಚಿತು, ಅಷ್ಟೇ. ನೋವಿಲ್ಲ. ಡಾಕ್ಟರಮ್ಮ ಆ ಫೋಟೊನ ದೊಡ್ಡ ಸ್ಕ್ರೀನಿಗೆ ಹಾಕಿ ನನ್ನನ್ನು ಪಕ್ಕಕ್ಕೆ ಕರೆದರು. ಕಿತ್ತಳೆ ಬಣ್ಣದ ಒಂದು ದುಂಡನೆಯ ಬಯಲು. ಒಂದು ಕಡೆಯಿಂದ ರಕ್ತನಾಳಗಳು ಹೊರಟು, ಸರ್ಕಲ್ಲಿನಿಂದ ರಸ್ತೆಗಳು ಹೊರಟ ಹಾಗೆ, ಕವಲೊಡೆದು ಕವಲೊಡೆದು ಸಣ್ಣ ಗಲ್ಲಿಗಳಾಗಿದ್ದವು. ಆ ಗಲ್ಲಿಗಳಲ್ಲಿ ಅಲ್ಲಲ್ಲಿ ರಾಗಿ ಕಾಳಿನಷ್ಟು ಕೆಂಪು ಚುಕ್ಕಿ. ಎಡಗಣ್ಣಿನಲ್ಲಿ ಜೊತೆಗೆ ಹಳದಿ ಚೂರುಗಳು.

"ಈ ಚುಕ್ಕಿ ಏನು ಮೇಡಂ?"

"ಟೈರ್ ಹಳೇದಾದರೆ ಪಕ್ಕದಲ್ಲಿ ಉಬ್ಬಿಕೊಳ್ಳುತ್ತಲ್ವಾ? ಶುಗರ್ ಜಾಸ್ತಿ ಇದ್ದು ಇದ್ದು ಸಣ್ಣ ರಕ್ತನಾಳದ ಗೋಡೆ ಹಾಗೇ ಉಬ್ಬಿದೆ. ಹಳದಿ ಇರೋದು ಅದರಿಂದ ಸೋರಿ ನಿಂತ ಕೊಬ್ಬು."

ಎಂಟು ವರ್ಷದಲ್ಲಿ ಶುಗರ್ ಬಗ್ಗೆ ನನಗೆ ಸರಿಯಾಗಿ ಅರ್ಥವಾದ ಮೊದಲ ಮಾತು ಅದು. ಈ ಸೋರಿಕೆ ಪರದೆಯ ನಟ್ಟನಡುವೆ ಸೇರಿದರೆ ಅಕ್ಷರ, ಮುಖ ಎಲ್ಲ ಮಸುಕಾಗುತ್ತೆ. ಇನ್ನೂ ಮುಂದೆ ಹೋದರೆ ಬಡಕಲು ಹೊಸ ರಕ್ತನಾಳ ಹುಟ್ಟಿ, ಒಡೆದು, ಕಣ್ಣೊಳಗೇ ರಕ್ತ ತುಂಬಬಹುದು. ಆಗ ಲೇಸರ್, ಕಣ್ಣಿಗೆ ಇಂಜೆಕ್ಷನ್, ಕೆಲವರಿಗೆ ಆಪರೇಷನ್. ಅವುಗಳಿಂದ ಇರುವ ನೋಟ ಉಳಿಸಿಕೊಳ್ಳಬಹುದು, ಹೋಗಿದ್ದೆಲ್ಲ ವಾಪಸ್ ಬರುತ್ತೆ ಅನ್ನೋಕಾಗಲ್ಲ ಅಂದರು. ನಂದಿನ್ನೂ ಅಲ್ಲಿಗೆ ಹೋಗಿಲ್ಲ. ಈಗ ಶುಗರ್, ಬಿಪಿ, ಕೊಲೆಸ್ಟರಾಲ್ ಇಳಿಸಬೇಕು, ಆರು ತಿಂಗಳಿಗೆ ಮತ್ತೆ ಫೋಟೊ. ನಮ್ಮ ವಯಸ್ಸಲ್ಲಿ ಬರುವ ಶುಗರ್ ಗೊತ್ತಾಗುವ ಎಷ್ಟೋ ಮುಂಚೆಯೇ ಬಂದಿರುತ್ತಂತೆ. ಅದಕ್ಕೆ ಗೊತ್ತಾದ ವರ್ಷವೇ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲವಾದರೂ ಪರದೆ ನೋಡಿಸಬೇಕಿತ್ತು. ಮೂರನೇ ಸ್ಟಾರ್ ಆ ಟೈರಿನ ಮಾತಿಗೆ.

ಬಿಲ್ ಒಟ್ಟು 900 ರೂಪಾಯಿ ಆಯಿತು. ಕೇಳದೇ ಯಾವ ಟೆಸ್ಟೂ ಸೇರಿಸಲಿಲ್ಲ, ನಾಲ್ಕನೇದು ಅದಕ್ಕೆ. ಅಷ್ಟು ಕಷ್ಟ ಅನ್ನುವವರಿಗೆ ಇಲ್ಲಿನ ಸರ್ಕಾರಿ ಕೆ.ಆರ್. ಆಸ್ಪತ್ರೆಯಲ್ಲೂ ಕಣ್ಣಿನ ವಿಭಾಗ ಇದೆ.

ಸ್ಟ್ಯಾಂಡಿಗೆ ಫೋನ್ ಮಾಡಿ ಗೆಳೆಯನನ್ನು ಕರೆಸಿಕೊಂಡೆ. ನನ್ನ ಆಟೋದಲ್ಲಿ ನಾನೇ ಪ್ಯಾಸೆಂಜರ್. ಬಲ್ಲಾಳ್ ಸರ್ಕಲ್ ಹತ್ತಿರ ಎದುರು ಬಿಸಿಲಿಗೆ ಕಣ್ಣು ಬಿಡಲಾಗದೆ ಟವೆಲ್ ಹೊದ್ದು ಕೂತಿದ್ದೆ. ಅವನಿಗೂ ಶುಗರ್, ಹತ್ತು ವರ್ಷದ್ದು. ನೀನೂ ತೋರಿಸ್ಕೋ ಮಾರಾಯ ಅಂದೆ. "ನಂಗೆ ಚೆನ್ನಾಗೇ ಕಾಣ್ತದೆ ಬಿಡೋ" ಅಂದ. ಬೆಳಿಗ್ಗೆ ನಾನೂ ಅದನ್ನೇ ಹೇಳಿದ್ದೆ.

ಕನ್ನಡಕದ ಅಂಗಡಿಯವನು ಯಾಮಾರಿಸಿರಲಿಲ್ಲ, ಪಾಪ. ಅವನು ಶುಗರ್ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಸ್ಪತ್ರೆಯವರು ಇದನ್ನು ಓದುತ್ತಿದ್ದರೆ, ಆ ಬೋರ್ಡನ್ನು ಕನ್ನಡದಲ್ಲಿ ಬರೆಸಿ, ಡ್ರಾಪ್ಸ್ ಹಾಕುವ ಕೋಣೆಯಿಂದ ತೆಗೆದು ಚೀಟಿ ಕೊಡುವ ಕೌಂಟರಿನಲ್ಲಿ ಹಾಕಿ. ಆರು ತಿಂಗಳಿಗೆ ಬಸ್ಸಿನಲ್ಲಿ ಬರುತ್ತೇನೆ. ಅದು ಅಲ್ಲಿ ಕಂಡರೆ ಐದನೇ ಸ್ಟಾರ್ ಅವತ್ತೇ.