ಭೇಟಿಗೆ ಮುಂಚಿನ ಏಳು ದಿನ: ಮನೆಯಲ್ಲಿ ಬಳಸುವ ಬಿ.ಪಿ. ಯಂತ್ರದ ವಿಮರ್ಶೆ

ಕಳೆದ ತಪಾಸಣೆಯಲ್ಲಿ ನನ್ನ ರಕ್ತದೊತ್ತಡ 152/94 ಬಂದಾಗ ವೈದ್ಯರು ಕೂಡಲೇ ಮಾತ್ರೆ ಬರೆಯಲಿಲ್ಲ. ಒಂದು ವಾರ ಮನೆಯಲ್ಲೇ ನೋಡಿ, ಬರೆದುಕೊಂಡು ಬರುವಂತೆ ಹೇಳಿದರು. ವೈದ್ಯರ ಕೋಣೆಗೆ ಕಾಲಿಟ್ಟೊಡನೆ ಒತ್ತಡ ಏರಿ ಮನೆಯಲ್ಲಿ ಇಳಿಯುವವರು ಕಡಿಮೆಯೇನಲ್ಲ, ಅದಕ್ಕೆ ವೈಟ್ ಕೋಟ್ ರಕ್ತದೊತ್ತಡ ಎಂಬ ಹೆಸರೇ ಇದೆ. ಆ ಒಂದು ವಾರಕ್ಕೆಂದು ಕೊಂಡದ್ದು ಈ ಯಂತ್ರ: ತೋಳಿಗೆ ಸುತ್ತುವ ಪಟ್ಟಿ, ಒಂದೇ ಗುಂಡಿ, ಕನ್ನಡಕವಿಲ್ಲದೆ ಓದಬಹುದಾದ ಅಂಕಿಗಳು ಮತ್ತು ಇಬ್ಬರ ಅಳತೆಗಳನ್ನು ಬೇರೆಬೇರೆಯಾಗಿ ಉಳಿಸಿಡುವ ಸೌಲಭ್ಯ.

ನಾನು ಮೊದಲು ಎಡವಿದ್ದು ಪಟ್ಟಿಯಲ್ಲಿ. ಜೊತೆಗೆ ಬಂದದ್ದು 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ತಕ್ಕದ್ದು, ನನ್ನ ತೋಳು 34. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಆದರೆ ಈ ಮಾತು ಪೆಟ್ಟಿಗೆಯ ಮೇಲೆಲ್ಲೂ ಇಲ್ಲ, ಕೈಪಿಡಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿದೆ. ದೊಡ್ಡ ಪಟ್ಟಿಯನ್ನು ಬೇರೆಯಾಗಿ ತರಿಸಿ ಸುತ್ತಿಕೊಂಡಾಗ ಮೇಲಿನ ಅಂಕಿ ಎಂಟು ಇಳಿಯಿತು. ಕೊಳ್ಳುವವರು ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆದುಕೊಂಡೇ ಹೋಗುವುದು ಲೇಸು.

ಅಳೆಯುವ ಕ್ರಮವನ್ನು ಮಾತ್ರ ಕೈಪಿಡಿ ಚೆನ್ನಾಗಿ ವಿವರಿಸುತ್ತದೆ. ಅಳತೆಗೆ ಮುಂಚಿನ ಅರ್ಧ ಗಂಟೆ ಕಾಫಿ, ಚಹಾ, ಸಿಗರೇಟು, ವ್ಯಾಯಾಮ ಕೂಡದು. ಮೂತ್ರಕ್ಕೆ ಹೋಗಿಬಂದು, ಬೆನ್ನನ್ನು ಕುರ್ಚಿಗೆ ಒರಗಿಸಿ, ಕಾಲ ಮೇಲೆ ಕಾಲು ಹಾಕದೆ ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಐದು ನಿಮಿಷ ಸುಮ್ಮನೆ ಕೂರಬೇಕು. ಈ ಸುಮ್ಮನೆ ಕೂರುವುದೇ ಕಷ್ಟ. ಪಟ್ಟಿ ಬಿಗಿಯುತ್ತಿರುವಾಗ ಯಾರೋ ಕೇಳಿದ್ದಕ್ಕೆ ಉತ್ತರಿಸಿದರೂ ಅಂಕಿ ಏರುತ್ತದೆ. ಬೆಳಿಗ್ಗೆ ಮಾತ್ರೆಗೆ ಮುಂಚೆ ಎರಡು ಬಾರಿ, ಸಂಜೆ ಎರಡು ಬಾರಿ, ನಡುವೆ ಒಂದು ನಿಮಿಷ ಬಿಟ್ಟು ಅಳೆಯಬೇಕು. ಮೊದಲ ದಿನದ್ದನ್ನು ಬಿಟ್ಟರೆ ಆರು ದಿನಕ್ಕೆ 24 ಅಳತೆಗಳಾಗುತ್ತವೆ, ಅವುಗಳ ಸರಾಸರಿಯೇ ವೈದ್ಯರಿಗೆ ಬೇಕಾದದ್ದು. ಚಿಕಿತ್ಸಾಲಯದಲ್ಲಿ 140/90 ಎಂಬ ಗಡಿಯನ್ನು ಇಟ್ಟುಕೊಳ್ಳುವವರು ಮನೆಯ ಸರಾಸರಿಗೆ 135/85 ಎಂದು ಹಿಡಿಯುತ್ತಾರೆ.

ಯಂತ್ರದ ನೆನಪನ್ನು ನಂಬಿ ಕೂರುವಂತಿಲ್ಲ. ಬಳಸುವವರನ್ನು ಬದಲಿಸುವ ಗುಂಡಿ ಪಕ್ಕದಲ್ಲಿ ಎಷ್ಟು ಚಿಕ್ಕದಾಗಿದೆಯೆಂದರೆ, ಒಂದು ಸಂಜೆ ಅಕ್ಕ ಕುತೂಹಲಕ್ಕೆ ಅಳೆದುಕೊಂಡ 112/70 ನನ್ನ ಲೆಕ್ಕಕ್ಕೇ ಸೇರಿ, ಸರಾಸರಿ ಇಳಿದದ್ದನ್ನು ಕಂಡು ನಾನು ಅರ್ಧ ದಿನ ಹಿಗ್ಗಿದೆ. ಬ್ಯಾಟರಿ ಬದಲಿಸಿದಾಗ ಗಡಿಯಾರ ಮೊದಲಿಗೆ ಮರಳಿ, ಮುಂದಿನ ಅಳತೆಗಳೆಲ್ಲ ಜನವರಿ 1ರ ನಡುರಾತ್ರಿಯವಾದವು. ಅದೃಷ್ಟಕ್ಕೆ ಒಂದು ಹಾಳೆಯಲ್ಲಿ ದಿನ, ಹೊತ್ತು, ಎರಡೂ ಅಂಕಿ, ನಾಡಿಬಡಿತ ಇವನ್ನು ಬರೆಯುತ್ತಲೇ ಇದ್ದೆ, ಅಂಚಿನಲ್ಲಿ ಆ ದಿನದ ವಿಶೇಷಕ್ಕೂ ಸ್ವಲ್ಪ ಜಾಗ ಬಿಟ್ಟಿದ್ದೆ.

ಭೇಟಿಯ ದಿನ ಹಾಳೆಯ ಜೊತೆ ಯಂತ್ರವನ್ನೂ, ನುಂಗುತ್ತಿದ್ದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಯ್ದೆ. ವೈದ್ಯರು ತಮ್ಮ ಉಪಕರಣದಿಂದಲೂ ನನ್ನದರಿಂದಲೂ ಒಂದೇ ತೋಳಿನಲ್ಲಿ ಅಳೆದರು; ವ್ಯತ್ಯಾಸ ಮೂರೇ ಅಂಕಿ, ಅಲ್ಲಿಗೆ ಯಂತ್ರ ಪಾಸಾಯಿತು. ಆದರೆ ಅವರ ಬೆರಳು ನಿಂತದ್ದು ಅಂಚಿನ ಬರಹದ ಮೇಲೆ. ನಾಲ್ಕನೆಯ ಮತ್ತು ಐದನೆಯ ದಿನ ಅಂಕಿ 150 ದಾಟಿತ್ತು, ಪಕ್ಕದಲ್ಲಿ "ಮೂಗು ಕಟ್ಟಿದ್ದಕ್ಕೆ ಮಾತ್ರೆ" ಎಂದು ಬರೆದಿದ್ದೆ. ಕಟ್ಟಿದ ಮೂಗನ್ನು ಬಿಡಿಸುವ ಕೆಲವು ಔಷಧಗಳು ರಕ್ತನಾಳಗಳನ್ನು ಕುಗ್ಗಿಸಿ ಒತ್ತಡವನ್ನು ಏರಿಸುತ್ತವೆ. ನನ್ನದೂ ಅಂಥದೇ ಎಂದು ಅವರು ಖಾಲಿ ಸ್ಟ್ರಿಪ್ ನೋಡಿ ಹೇಳಿ, ಅದನ್ನು ನಿಲ್ಲಿಸಿ ಮತ್ತೊಂದು ವಾರ ಅಳೆಯಲು ಸೂಚಿಸಿದರು. ನೆಗಡಿಯ ಮಾತ್ರೆಯನ್ನು ನಾನಂತೂ ಔಷಧವೆಂದು ಎಣಿಸಿಯೇ ಇರಲಿಲ್ಲ, ಕೇಳಿದ್ದರೆ ಬಾಯಲ್ಲಿ ಹೇಳುತ್ತಲೂ ಇರಲಿಲ್ಲ.

ಅಳತೆಯ ಮಟ್ಟಿಗೆ ಈ ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ, ನೆನಪಿನ ಮಟ್ಟಿಗೆ ಎರಡೇ. ಎದೆಬಡಿತದ ಲಯ ತಪ್ಪುವ ತೊಂದರೆಯಿರುವವರಲ್ಲಿ ಇಂತಹ ಸ್ವಯಂಚಾಲಿತ ಯಂತ್ರಗಳ ಅಂಕಿ ಏರುಪೇರಾಗಬಹುದಾದ್ದರಿಂದ ಅವರು ವೈದ್ಯರನ್ನು ಕೇಳಿಯೇ ಕೊಳ್ಳಬೇಕು. ಅಂಕಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತಿನ ತೊದಲು ಕಂಡರೆ ಭೇಟಿಯ ದಿನಕ್ಕೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಎರಡನೆಯ ವಾರದ ಹಾಳೆಗೆ ಗೆರೆ ಎಳೆದಾಗಿದೆ. ಈ ಬಾರಿ ಅಂಚನ್ನು ಇನ್ನೂ ಅಗಲವಾಗಿ ಬಿಟ್ಟಿದ್ದೇನೆ.