ಇ-ವೆರಿಫೈ: ಹಲವು ವರ್ಷ ಬಳಸಿದ ಮೇಲೆ

ಅಮೆರಿಕದ ಟೆಕ್ಸಸ್‌ನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆಯ ನೇಮಕಾತಿ ನೋಡಿಕೊಳ್ಳುವುದು ನನ್ನ ಕೆಲಸ. ಹೊಸಬರ ಗುರುತನ್ನೂ ಈ ದೇಶದಲ್ಲಿ ದುಡಿಯಲು ಅವರಿಗಿರುವ ಅನುಮತಿಯನ್ನೂ ಹಲವು ವರ್ಷಗಳಿಂದ ಇ-ವೆರಿಫೈ ಎಂಬ ಸರ್ಕಾರಿ ಅಂತರ್ಜಾಲ ಸೇವೆಯ ಮೂಲಕವೇ ಪರಿಶೀಲಿಸುತ್ತಿದ್ದೇನೆ. ನಮ್ಮಲ್ಲಿಗೆ ಬರುವವರಲ್ಲಿ ಇಲ್ಲಿಯೇ ಎಂ.ಎಸ್. ಮುಗಿಸಿದ ಕರ್ನಾಟಕದ ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಐ-9 ನಮೂನೆಯನ್ನೂ ಇ-ವೆರಿಫೈಯನ್ನೂ ಒಂದೇ ಎಂದುಕೊಳ್ಳುವವರು ಬಹಳ. ಹೊಸ ನೌಕರನ ಗುರುತು ಮತ್ತು ಕೆಲಸದ ಅನುಮತಿಯನ್ನು ದಾಖಲಿಸುವ ಐ-9 ಬಂದದ್ದು 1986ರ ವಲಸೆ ಕಾನೂನಿನಿಂದ. ಅದು ಎಲ್ಲ ಉದ್ಯೋಗದಾತರಿಗೂ ಕಡ್ಡಾಯ. ಇ-ವೆರಿಫೈ 1997ರಲ್ಲಿ ಪ್ರಾಯೋಗಿಕವಾಗಿ ಶುರುವಾಗಿ 2007ರಲ್ಲಿ ಈ ಹೆಸರು ಪಡೆಯಿತು. ಐ-9ರಲ್ಲಿ ಬರೆದ ವಿವರಗಳನ್ನು ಸರ್ಕಾರದ ದಾಖಲೆಗಳೊಂದಿಗೆ ತಾಳೆ ನೋಡುವ ಉಚಿತ ಸೇವೆ ಇದು. ಬಹುಪಾಲು ಖಾಸಗಿ ಸಂಸ್ಥೆಗಳಿಗೆ ಇದು ಐಚ್ಛಿಕ. ಅರಿಜೋನಾದಂಥ ಕೆಲವು ರಾಜ್ಯಗಳಲ್ಲಿ ಕಡ್ಡಾಯ. ಫ್ಲೋರಿಡಾದಲ್ಲಿ 2023ರ ಜುಲೈನಿಂದ 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳಿಗೆ ಕಡ್ಡಾಯವಾಗಿದೆ. ನಮಗಂತೂ ಇದಿಲ್ಲದೆ ನಡೆಯದು. ವಿಜ್ಞಾನ, ತಂತ್ರಜ್ಞಾನ ಪದವೀಧರರಿಗೆ ಸಿಗುವ 24 ತಿಂಗಳ ಒಪಿಟಿ (ವಿದೇಶಿ ವಿದ್ಯಾರ್ಥಿಗಳಿಗೆ ಓದಿನ ನಂತರ ಸಿಗುವ ತಾತ್ಕಾಲಿಕ ಕೆಲಸದ ಅನುಮತಿ) ವಿಸ್ತರಣೆಗೆ ಸಂಸ್ಥೆ ಇ-ವೆರಿಫೈನಲ್ಲಿ ನೋಂದಾಯಿಸಿರಲೇಬೇಕು.

ಬಳಕೆ ಸುಲಭ. ನೌಕರ ಐ-9ರ ಮೊದಲ ಭಾಗವನ್ನು ಕೆಲಸಕ್ಕೆ ಸೇರಿದ ದಿನವೇ ತುಂಬಬೇಕು. ನಾವು ದಾಖಲೆ ನೋಡಿ ಎರಡನೇ ಭಾಗ ತುಂಬುವುದೂ ಇ-ವೆರಿಫೈನಲ್ಲಿ ಪ್ರಕರಣ ತೆರೆಯುವುದೂ ಮೂರು ಕೆಲಸದ ದಿನಗಳೊಳಗೆ ಮುಗಿಯಬೇಕು. ಸಾಮಾನ್ಯವಾಗಿ ಉತ್ತರ ಕೆಲವೇ ಕ್ಷಣಗಳಲ್ಲಿ ಬರುತ್ತದೆ. ಯಾವ ದಾಖಲೆ ತೋರಿಸಬೇಕು ಎನ್ನುವುದು ನೌಕರನ ಆಯ್ಕೆ; ಗ್ರೀನ್ ಕಾರ್ಡನ್ನೇ ತನ್ನಿ ಎಂದು ಕೇಳುವ ಹಕ್ಕು ನಮಗಿಲ್ಲ.

ತೊಡಕು ಹುಟ್ಟುವುದು ನಮ್ಮ ಹೆಸರುಗಳಲ್ಲಿ. ಊರಿನ ಹೆಸರು, ತಂದೆಯ ಹೆಸರು ಎರಡೂ ಇನಿಷಿಯಲ್‌ಗಳಾಗಿ ಕುಳಿತ ಶಾಲಾ ದಾಖಲೆ, ಅವನ್ನು ಬಿಡಿಸಿ ಬರೆದ ಪಾಸ್‌ಪೋರ್ಟ್, ಉಪನಾಮದ ಜಾಗವೇ ಖಾಲಿ ಇರುವುದರಿಂದ ಮೊದಲ ಹೆಸರಿನ ಕಡೆ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಅಚ್ಚಾದ ವೀಸಾ, ಇನ್ನೊಂದು ಕ್ರಮದಲ್ಲಿರುವ ಸೋಷಿಯಲ್ ಸೆಕ್ಯುರಿಟಿ (ಸಾಮಾಜಿಕ ಭದ್ರತಾ ಸಂಖ್ಯೆಯ) ಕಾರ್ಡು: ಒಬ್ಬಳೇ ಹುಡುಗಿ, ನಾಲ್ಕು ಹೆಸರು. ಮದುವೆಯಾಗಿ ಹೆಸರು ಬದಲಿಸಿದವರಿಗೆ ಐದನೆಯದೂ ಸೇರುತ್ತದೆ. ಕಂಪ್ಯೂಟರಿಗೆ ಕಾಣುವುದು ಅಕ್ಷರ ಮಾತ್ರ. ಅದು ಹೊಂದಿಕೆಯಾಗುತ್ತಿಲ್ಲ ಎಂದಾಗ ನಿಮಗೆ ಕೆಲಸ ಮಾಡುವ ಅನುಮತಿ ಇಲ್ಲ ಎಂದು ಹೇಳುತ್ತಿಲ್ಲ. ಹೀಗೆಂದು ಎದುರು ಕುಳಿತ ಹೊಸಬರಿಗೆ ಬಿಡಿಸಿ ಹೇಳಲು ನಾನು ಯಾವಾಗಲೂ ಸಮಯ ತೆಗೆದಿಡುತ್ತೇನೆ, ಏಕೆಂದರೆ ಹೊಂದಿಕೆಯಿಲ್ಲ ಎಂಬ ನೋಟಿಸ್ ನೋಡಿದ ಕೂಡಲೇ ಅವರ ಮುಖ ಬಿಳಿಚಿಕೊಳ್ಳುತ್ತದೆ.

ಇಲ್ಲಿ ನಿಯಮ ಸ್ಪಷ್ಟವಾಗಿದೆ. ವಿಷಯವನ್ನು ನೌಕರನಿಗೆ ಖಾಸಗಿಯಾಗಿ ತಿಳಿಸಿ ನೋಟಿಸ್ ಪ್ರತಿ ಕೊಡಬೇಕು. ಸರಿಪಡಿಸಿಕೊಳ್ಳುತ್ತೇನೆಂದು ಅವನು ಹೇಳಿದರೆ ಪ್ರಕರಣವನ್ನು ಮುಂದಕ್ಕೆ ಕಳುಹಿಸಬೇಕು. ಅಲ್ಲಿಂದ ಎಂಟು ಸರ್ಕಾರಿ ಕೆಲಸದ ದಿನಗಳೊಳಗೆ ಅವನು ಸಾಮಾಜಿಕ ಭದ್ರತಾ ಕಚೇರಿಗೆ ಹೋಗಬೇಕು ಅಥವಾ ಆಂತರಿಕ ಭದ್ರತಾ ಇಲಾಖೆಯನ್ನು ಸಂಪರ್ಕಿಸಬೇಕು. ಇತ್ಯರ್ಥವಾಗುವವರೆಗೆ ಇದೇ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ಸಂಬಳ ಹಿಡಿಯುವಂತಿಲ್ಲ, ತರಬೇತಿ ಮುಂದೂಡುವಂತಿಲ್ಲ. ‘ಸರಿಹೋದ ಮೇಲೆ ಬನ್ನಿ’ ಎಂದು ಮನೆಗೆ ಕಳುಹಿಸುವುದು ಕಾನೂನಿಗೆ ವಿರುದ್ಧ. ವೀಸಾದ ಭಯದಲ್ಲಿ ನಮ್ಮ ಮಕ್ಕಳು ತುಟಿ ಬಿಚ್ಚದೆ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಭಾರತದಿಂದ ಈಗಷ್ಟೇ ಬಂದಿಳಿದವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇನ್ನೂ ಬಂದಿರುವುದಿಲ್ಲ. ಆದರೂ ಐ-9 ತುಂಬಿ ಕೆಲಸ ಆರಂಭಿಸಬಹುದು. ಇ-ವೆರಿಫೈ ಪ್ರಕರಣ ಮಾತ್ರ ಸಂಖ್ಯೆ ಬರುವವರೆಗೆ ಕಾಯುತ್ತದೆ.

ನನಗೆ ಅತಿ ಹೆಚ್ಚು ಉಪಯೋಗವಾದದ್ದು 2023ರ ಆಗಸ್ಟ್ 1ರಿಂದ ಬಂದ ಬದಲಾವಣೆ. ದಾಖಲೆಗಳನ್ನು ಎದುರಿನಲ್ಲೇ ನೋಡಬೇಕೆಂಬ ನಿಯಮಕ್ಕೆ ಕೋವಿಡ್ ಕಾಲದಲ್ಲಿ ಕೊಟ್ಟಿದ್ದ ತಾತ್ಕಾಲಿಕ ಸಡಿಲಿಕೆ ಮುಗಿದ ಕೂಡಲೇ, ಇ-ವೆರಿಫೈಯನ್ನು ನಿಯಮಬದ್ಧವಾಗಿ ಬಳಸುವ ಸಂಸ್ಥೆಗಳು ದಾಖಲೆಗಳ ಪ್ರತಿ ತರಿಸಿಕೊಂಡು, ನೇರ ವಿಡಿಯೊ ಕರೆಯಲ್ಲಿ ಮೂಲ ದಾಖಲೆ ನೋಡಲು ಅವಕಾಶವಾಯಿತು. ಬೇರೆ ರಾಜ್ಯದಲ್ಲಿ ಮನೆಯಿಂದಲೇ ಕೆಲಸ ಮಾಡುವವರಿಗಾಗಿ ಅಲ್ಲೊಬ್ಬ ಪ್ರತಿನಿಧಿಯನ್ನು ಹುಡುಕುವ ಪಾಡು ತಪ್ಪಿತು.

ಕೊರತೆಗಳೂ ಇವೆ. ಮತ್ತೊಬ್ಬರ ನಿಜವಾದ ಹೆಸರು ಮತ್ತು ಸಂಖ್ಯೆ ಹಿಡಿದು ಬಂದವನನ್ನು ಇದು ಹಲವೊಮ್ಮೆ ಹಿಡಿಯಲಾರದು. ಫೋಟೊ ಹೋಲಿಕೆ ಇರುವುದು ಅಮೆರಿಕದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್‌ನಂಥ ಕೆಲವೇ ದಾಖಲೆಗಳಿಗೆ. 2018ರ ಡಿಸೆಂಬರ್‌ನಲ್ಲಿ ಸರ್ಕಾರದ ಕಾರ್ಯ ಸ್ಥಗಿತಗೊಂಡಾಗ ಒಂದು ತಿಂಗಳಿಗೂ ಹೆಚ್ಚು ಕಾಲ ಸೇವೆಯೇ ನಿಂತಿತ್ತು. ಐ-9ರ ಗಡುವು ಮಾತ್ರ ಹಾಗೆಯೇ ಉಳಿದಿತ್ತು.

ಇಷ್ಟಾದರೂ ಸಣ್ಣ ಸಂಸ್ಥೆಗಳಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಕೆಲಸಕ್ಕೆ ಸೇರುವವರು ಮೊದಲೇ ಮೈ ಇ-ವೆರಿಫೈ ತಾಣದ ‘ಸೆಲ್ಫ್ ಚೆಕ್’ನಲ್ಲಿ ತಮ್ಮ ವಿವರ ತಾಳೆ ನೋಡಿಕೊಳ್ಳಿ, ವ್ಯತ್ಯಾಸ ಕಂಡರೆ ಪಾಸ್‌ಪೋರ್ಟ್ ಮತ್ತು ಐ-94 (ದೇಶ ಪ್ರವೇಶದ ದಾಖಲೆ) ಹಿಡಿದು ಆಗಲೇ ಸಾಮಾಜಿಕ ಭದ್ರತಾ ಕಚೇರಿಗೆ ಹೋಗಿ. ನೌಕರನಿಗೆ ನೋಟಿಸ್ ಬಂದರೆ ಆ ಕಚೇರಿಗೆ ಹೋಗಿಬರುವ ದಿನವನ್ನು ನಮ್ಮ ಸಂಸ್ಥೆಯಲ್ಲಿ ಸಂಬಳಸಹಿತ ರಜೆ ಎಂದು ಬರೆದುಕೊಳ್ಳುತ್ತೇವೆ. ಬೇರೆ ಸಂಸ್ಥೆಗಳ ನೇಮಕಾತಿಯವರೂ ಹೀಗೆ ಮಾಡಿ ಎಂದು ಕೇಳಿಕೊಳ್ಳುತ್ತೇನೆ.