ಸಿಮ್ ಹಾಕುವ ವೈಫೈ ಡಬ್ಬಿ: ಆರು ತಿಂಗಳ ಮೇಲೆ ಎರಡೂವರೆ ಸ್ಟಾರ್

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಫೈಬರ್ ಬಂದಿಲ್ಲ. ಹಾಗಾಗಿ ಒಂದು ಕಂಪನಿಯ 4ಜಿ ರೂಟರ್ ತಗೊಂಡೆ.

ಬೆಳಗ್ಗೆ ಆರಕ್ಕೆ 38 ಎಂಬಿಪಿಎಸ್. ರಾತ್ರಿ ಎಂಟೂವರೆಗೆ 3. ಸಿಗ್ನಲ್ ಕಡ್ಡಿ ಎರಡೂ ಹೊತ್ತು ನಾಲ್ಕೇ! "ರೀಸ್ಟಾರ್ಟ್ ಮಾಡಿ ಸರ್" ಅಂದರು ಕಾಲ್ ಸೆಂಟರ್‌ನವರು. ಹನ್ನೊಂದು ಸಲ ಮಾಡಿದೆ, ಸುಮ್ನೆ.

ತಪ್ಪು ಡಬ್ಬಿಯದ್ದಲ್ಲ. 4ಜಿ ಟವರ್ ಯಾರಿಗೆ ಎಷ್ಟು ಪಾಲು ಅಂತ ಮಿಲಿಸೆಕೆಂಡಿಗೊಮ್ಮೆ ಹಂಚುತ್ತದೆ. ಸಿಗ್ನಲ್ ಚೆನ್ನಾಗಿರುವವರಿಗೇ ಎಲ್ಲ ಕೊಟ್ಟರೆ ಒಟ್ಟು ಡೇಟಾ ಜಾಸ್ತಿ ಹರಿಯುತ್ತದೆ, ಗುಡ್ಡದ ಹಿಂದಿನ ನಮ್ಮಂಥವರು ಉಪವಾಸ. ಅದಕ್ಕೇ 'ಪ್ರೊಪೋರ್ಷನಲ್ ಫೇರ್' ಅನ್ನೋ ಲೆಕ್ಕ ಇದೆ: ಈಗ ಸಿಗ್ನಲ್ ಹೇಗಿದೆ, ಇಲ್ಲಿವರೆಗೆ ಎಷ್ಟು ಸಿಕ್ಕಿದೆ, ಎರಡನ್ನೂ ನೋಡಿ ಬಡಿಸುವುದು. ಆದರೆ ರಾತ್ರಿ ಎಲ್ಲರೂ ನೆಟ್‌ಗೆ ಕೂತು ಪಂಕ್ತಿ ಉದ್ದವಾದರೆ ಪಾಯಸ ಅರ್ಧ ಸೌಟೇ ಅಲ್ವಾ?

ವೋಲ್ಟಿ ಕರೆಗೆ, ಅಂದರೆ 4ಜಿ ಮೇಲೇ ಹೋಗುವ ಫೋನ್ ಕರೆಗೆ, ಮಾತ್ರ ಬೇರೆ ಎಲೆ. ಅದಕ್ಕೆ ಖಾತ್ರಿ ವೇಗ, ತಡಕ್ಕೆ 100 ಮಿಲಿಸೆಕೆಂಡಿನ ಮಿತಿ. ನನ್ನ ವಿಡಿಯೋ ಮೀಟಿಂಗ್ ಬರೀ ಮಾಮೂಲಿ ಡೇಟಾ. ಹಾಗಾಗಿ ರಾತ್ರಿ ಮೀಟಿಂಗಲ್ಲಿ ಬಾಸ್ ಮುಖ ಬಾಯಿ ತೆರೆದು ನಿಂತುಬಿಟ್ಟರೆ ಫೋನ್ ಹಚ್ಚುತ್ತೇನೆ. ಮಾತು ಗಂಟೆ ಹೊಡೆದ ಹಾಗೆ ಕೇಳುತ್ತದೆ.

ಬೆಳಗ್ಗೆ ಬೇಗ ಏಳುವವರು ಧಾರಾಳವಾಗಿ ತಗೊಳ್ಳಿ. ರಾತ್ರಿ ಕ್ರಿಕೆಟ್ ನೋಡುವವರು ಡಿಶ್ ಬಿಚ್ಚಬೇಡಿ.